ವಂಧ್ಯ ನೊಣಗಳ ಲೆಕ್ಕಾಚಾರ: ಹಣ್ಣಿನ ಪೀಡೆಗೆ ವಿಕಿರಣದ ಉಪಾಯ ಎಲ್ಲಿ ಫಲಿಸುತ್ತದೆ, ಎಲ್ಲಿ ಸೋಲುತ್ತದೆ

ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದಲ್ಲಿ, ನಾಗೊ ನಗರದ ಸುತ್ತಮುತ್ತ, 2024ರ ಮಾರ್ಚ್‌ನಲ್ಲಿ ಅಲ್ಲಿ ಹಿಂದೆ ನೆಲೆಯೂರಿರದ ಒಂದು ಹಣ್ಣು ನೊಣ ಪತ್ತೆಯಾಯಿತು. ಜ್ಯೂಗೊಡೇಕಸ್ ಟಾವ್ ಎಂಬ ಈ ನೊಣ ಹಾಗಲ, ಸೌತೆ, ಕುಂಬಳದಂಥ ಬಳ್ಳಿ ಬೆಳೆಗಳ ಎಳೆಯ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳುಗಳು ತಿರುಳನ್ನು ತಿನ್ನುತ್ತಾ ಬೆಳೆಯುವುದರಿಂದ ಹೊರಗೆ ಚೆನ್ನಾಗಿಯೇ ಕಾಣುವ ಕಾಯಿ ಒಳಗೆ ಕೊಳೆತು ಉದುರುತ್ತದೆ. ಒಂದೇ ವರ್ಷದಲ್ಲಿ ಪರಿಸ್ಥಿತಿ ಎಷ್ಟು ಗಂಭೀರವಾಯಿತೆಂದರೆ, 2025ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ತುರ್ತು ನಿಯಂತ್ರಣ ಕ್ರಮ ಜಾರಿಗೊಳಿಸಿ, ತಪಾಸಣೆಯಾಗದ ಹಾಗಲವನ್ನಾಗಲಿ ಸೌತೆಯನ್ನಾಗಲಿ ಓಕಿನಾವಾದಿಂದ ಹೊರಗೆ ಸಾಗಿಸಕೂಡದೆಂದು ವಿಧಿಸಿತು. ಹಿತ್ತಲಲ್ಲಿ ಇಂಥ ಬಳ್ಳಿಗಳನ್ನು ಸದ್ಯಕ್ಕೆ ಹಾಕಬೇಡಿರೆಂದು ಮನೆಮನೆಯವರನ್ನೂ ಕೇಳಿಕೊಳ್ಳಲಾಯಿತು.

ಈ ಸುದ್ದಿ ಕೀಟವಿಜ್ಞಾನ ಬಲ್ಲವರ ಗಮನವನ್ನು ಹಿಡಿದಿಡಲು ಬೇರೊಂದು ಕಾರಣವಿದೆ. ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನು ಬಯಲಿಗೆ ಬಿಟ್ಟು ಒಂದು ಪೀಡೆಯನ್ನೇ ಇಲ್ಲವಾಗಿಸಿದ ಪ್ರಸಿದ್ಧ ಪ್ರಯೋಗ ನಡೆದದ್ದು ಇದೇ ಓಕಿನಾವಾದಲ್ಲಿ. ಹಾಗಲದ ನೊಣವೆಂದು ನಾವೂ ಬಲ್ಲ, ಮೂಲತಃ ಭಾರತದ ಕಡೆಯದೆಂದೇ ಬಹುಪಾಲು ವಿಜ್ಞಾನಿಗಳು ಭಾವಿಸುವ ಜ್ಯೂಗೊಡೇಕಸ್ ಕುಕರ್ಬಿಟೇ 1919ರಲ್ಲಿ ಆ ದ್ವೀಪಸಾಲಿನ ದಕ್ಷಿಣ ಭಾಗವಾದ ಯಾಯೆಯಾಮಾದಲ್ಲಿ ಕಂಡುಬಂದು, ಮುಂದಿನ ಐದು ದಶಕಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಉತ್ತರಾಭಿಮುಖವಾಗಿ ಹಬ್ಬಿತ್ತು. ಓಕಿನಾವಾದವರು ದಿನನಿತ್ಯ ತಿನ್ನುವ ಹಾಗಲಕಾಯಿಯನ್ನು ಜಪಾನಿನ ಮುಖ್ಯ ದ್ವೀಪಗಳ ಮಾರುಕಟ್ಟೆಗೆ ಕಳಿಸುವಂತಿರಲಿಲ್ಲ. 1972ರಲ್ಲಿ ಆರಂಭವಾದ ನಿರ್ಮೂಲನ ಕಾರ್ಯ ಮೊದಲು ಕುಮೆ ಎಂಬ ಚಿಕ್ಕ ದ್ವೀಪದಲ್ಲಿ 1978ರ ವೇಳೆಗೆ ಯಶಸ್ವಿಯಾಗಿ, ನಂತರ ಒಂದೊಂದೇ ದ್ವೀಪವನ್ನು ಕೈಗೆತ್ತಿಕೊಂಡು, 1993ರಲ್ಲಿ ಯಾಯೆಯಾಮಾದಲ್ಲಿ ಮುಗಿಯಿತು. ಅಷ್ಟು ವರ್ಷಗಳಲ್ಲಿ ಓಕಿನಾವಾದ ಆಡಳಿತ ಸಾಕಿ, ವಿಕಿರಣಕ್ಕೊಡ್ಡಿ, ಬಿಟ್ಟ ನೊಣಗಳ ಸಂಖ್ಯೆ ಸುಮಾರು 5,300 ಕೋಟಿ.

ಹಾಗಿದ್ದರೆ 2024ರಲ್ಲಿ ಹೊಸ ನೊಣ ಬಂದಾಗ ಹಾಗಲದ ನೊಣ ಸಾಕುವ ಆ ಸಿದ್ಧ ಕಾರ್ಖಾನೆಯ ನೊಣಗಳನ್ನೇ ಬಿಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಬಿಡಬಹುದಿತ್ತು, ಆದರೆ ಪ್ರಯೋಜನವಿರಲಿಲ್ಲ. ಕುಕರ್ಬಿಟೇ ಜಾತಿಯ ಗಂಡು ಟಾವ್ ಜಾತಿಯ ಹೆಣ್ಣಿನ ಪಾಲಿಗೆ ಇದ್ದೂ ಇಲ್ಲದಂತೆ. ಹೊಸ ನೊಣಕ್ಕೆ ಹೊಸದಾಗಿ ಆಹಾರ, ಮೊಟ್ಟೆಯಿಡಿಸುವ ವಿಧಾನ, ವಿಕಿರಣದ ಪ್ರಮಾಣ ಎಲ್ಲವನ್ನೂ ರೂಢಿಸಿಕೊಂಡು ಸಾಕಬೇಕಾಯಿತು. ಆ ವಂಧ್ಯ ನೊಣಗಳ ಬಿಡುಗಡೆ 2025ರಲ್ಲಿ ಆರಂಭವಾಯಿತು. ಈ ತಂತ್ರದ ದೊಡ್ಡ ಗುಣ, ಅಂದರೆ ಗುರಿಯಾದ ಒಂದು ಜಾತಿಯನ್ನು ಬಿಟ್ಟು ಜೇನಿಗಾಗಲಿ ಬೇರೆ ಕೀಟಗಳ ಮೇಲೆ ಬದುಕುವ ಪರತಂತ್ರ ಕಣಜಕ್ಕಾಗಲಿ ಏನೂ ಮಾಡದಿರುವುದು, ಇಲ್ಲಿ ಅದರ ದೊಡ್ಡ ಮಿತಿಯಾಗಿಯೂ ಕಾಣಿಸುತ್ತದೆ.

ವಿಕಿರಣ ಎಂಬ ಮಾತೇ ಈ ವಿಷಯದ ಚರ್ಚೆಯನ್ನು ಹಾದಿತಪ್ಪಿಸುತ್ತದೆ ಎಂಬುದು ನನ್ನ ಬಲವಾದ ಅನಿಸಿಕೆ. ಕೆಲವರಿಗೆ ಅದು ಭಯ, ಕೆಲವರಿಗೆ ಅದು ಪವಾಡ. ನಿಜದಲ್ಲಿ ಇಡೀ ಕಾರ್ಯದಲ್ಲಿ ವಿಕಿರಣದ ಪಾಲು ಕೆಲವು ನಿಮಿಷಗಳದ್ದು. ಸಾಕಣೆ ಕೇಂದ್ರದಲ್ಲಿ ಗೋಧಿ ಬೂಸ, ಸಕ್ಕರೆ, ಯೀಸ್ಟ್ ಬೆರೆಸಿದ ಆಹಾರದಲ್ಲಿ ಬೆಳೆದ ಹುಳುಗಳು ಕೋಶಾವಸ್ಥೆಗೆ (ಪ್ಯೂಪಾ) ಹೋಗಿ, ನೊಣವಾಗಿ ಹೊರಬರಲು ಒಂದೆರಡು ದಿನ ಇರುವಾಗ ಅವನ್ನು ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಒಡ್ಡುತ್ತಾರೆ. ಈಚೆಗೆ ಎಕ್ಸ್-ರೇ ಯಂತ್ರಗಳೂ ಬಳಕೆಗೆ ಬಂದಿವೆ. ಈ ಹೊತ್ತಿಗೆ ನೊಣದ ರೆಕ್ಕೆ, ಕಾಲು, ಕಣ್ಣುಗಳ ಜೀವಕೋಶಗಳು ವಿಭಜನೆ ಮುಗಿಸಿರುತ್ತವೆ, ಸಂತಾನಕ್ಕೆ ಸಂಬಂಧಿಸಿದ ಕೋಶಗಳು ಮಾತ್ರ ಇನ್ನೂ ವಿಭಜಿಸುತ್ತಿರುತ್ತವೆ. ವಿಭಜಿಸುವ ಕೋಶವೇ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾದ್ದರಿಂದ ದೇಹ ಗಟ್ಟಿಯಾಗಿ ಉಳಿದು ಸಂತಾನಶಕ್ತಿ ಮಾತ್ರ ಹೋಗುತ್ತದೆ. ಹೀಗೆ ಹೊರಬಂದ ಗಂಡಿನ ವೀರ್ಯಾಣು ಸತ್ತಿರುವುದಿಲ್ಲ. ಅದು ಅಂಡವನ್ನು ಸೇರುತ್ತದೆ, ಆದರೆ ಅದರ ವರ್ಣತಂತುಗಳು ತುಂಡಾಗಿರುವುದರಿಂದ ಭ್ರೂಣ ಮೊದಲ ಕೆಲವು ವಿಭಜನೆಗಳಲ್ಲೇ ಸಾಯುತ್ತದೆ. ವೀರ್ಯಾಣು ಜೀವಂತವಾಗಿರುವುದೂ ಮುಖ್ಯ. ಕೂಡಿದ ಹೆಣ್ಣಿಗೆ ಕೂಟ ಸಫಲವಾದಂತೆಯೇ ಆಗಿ, ಅದು ಸಾಕಷ್ಟು ಕಾಲ ಇನ್ನೊಂದು ಗಂಡನ್ನು ಹುಡುಕುವುದಿಲ್ಲ. ಅದು ಇಡುವ ಮೊಟ್ಟೆಗಳು ಒಡೆಯುವುದಿಲ್ಲ.

ಓಕಿನಾವಾದ ಹಾಗಲದ ನೊಣಕ್ಕೆ ಕೊಟ್ಟ ಪ್ರಮಾಣ 70 ಗ್ರೇ (ದೇಹ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ). ಇಡೀ ದೇಹದ ಮೇಲೆ 5 ಗ್ರೇ ಬಿದ್ದರೆ ಮನುಷ್ಯನಿಗೆ ಪ್ರಾಣಾಪಾಯ ಎಂಬುದನ್ನು ನೆನೆದರೆ ಕೀಟದ ದೇಹ ಎಷ್ಟನ್ನು ತಡೆದುಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಆ ಗಾಮಾ ಕಿರಣಕ್ಕೆ ಯಾವ ವಸ್ತುವನ್ನೂ ವಿಕಿರಣಶೀಲವಾಗಿಸುವಷ್ಟು ಶಕ್ತಿಯಿಲ್ಲ. ಹಾಗಾಗಿ ಬಿಟ್ಟ ನೊಣದಿಂದಾಗಲಿ, ಅದು ಕುಳಿತ ಹಣ್ಣಿನಿಂದಾಗಲಿ ವಿಕಿರಣದ ಅಪಾಯವಿಲ್ಲ. ನಿಜವಾದ ತೊಡಕು ಬೇರೆ ಕಡೆ ಇದೆ. ಪ್ರಮಾಣ ಹೆಚ್ಚಿಸಿದಷ್ಟೂ ವಂಧ್ಯತೆ ಖಚಿತವಾಗುತ್ತದೆ, ಗಂಡಿನ ಚುರುಕು ಕುಗ್ಗುತ್ತದೆ. ಹೆಣ್ಣಿನ ಮುಂದೆ ಕಾಡುಗಂಡಿನೊಡನೆ ಸ್ಪರ್ಧಿಸಲಾರದ ಗಂಡು ಎಷ್ಟು ಕೋಟಿ ಇದ್ದರೂ ಲೆಕ್ಕಕ್ಕಿಲ್ಲ. ಆದ್ದರಿಂದಲೇ ಕೋಶಾವಸ್ಥೆಯ ನೊಣಗಳನ್ನು ಆಮ್ಲಜನಕ ಇಲ್ಲದ ಸ್ಥಿತಿಯಲ್ಲಿಟ್ಟು ವಿಕಿರಣ ಕೊಡುವುದು, ಮೆಡಿಟರೇನಿಯನ್ ಹಣ್ಣು ನೊಣದ ಗಂಡುಗಳಿಗೆ ಬಿಡುವ ಮುನ್ನ ಶುಂಠಿ ಎಣ್ಣೆಯ ಪರಿಮಳ ತಾಗಿಸಿ ಅವುಗಳ ಕೂಟದ ಯಶಸ್ಸನ್ನು ಹೆಚ್ಚಿಸುವುದು ಮುಂತಾದ ಸೂಕ್ಷ್ಮಗಳು ಬೆಳೆದುಬಂದಿವೆ.

ಇನ್ನು ಲೆಕ್ಕಕ್ಕೆ ಬರೋಣ. ಈ ತಂತ್ರದ ಜೀವಾಳ ಇಲ್ಲಿದೆ. ಅಮೆರಿಕದ ಕೀಟವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್ 1930ರ ದಶಕದಲ್ಲಿ, ದನಕರುಗಳ ಗಾಯದಲ್ಲಿ ಮೊಟ್ಟೆಯಿಟ್ಟು ಜೀವಂತ ಮಾಂಸ ತಿನ್ನುವ ಸ್ಕ್ರೂವರ್ಮ್ ನೊಣದ ಬಗ್ಗೆ ಯೋಚಿಸುತ್ತಾ ಮನಸ್ಸಿನಲ್ಲಿ ಮಾಡಿಕೊಂಡ ಲೆಕ್ಕವಿದು. ಒಂದು ಪ್ರದೇಶದಲ್ಲಿ 10 ಲಕ್ಷ ಹೆಣ್ಣು, ಅಷ್ಟೇ ಗಂಡು ನೊಣಗಳಿವೆ, ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಹಾಗೇ ಇರುತ್ತದೆ ಎಂದುಕೊಳ್ಳಿ. ಪ್ರತಿ ತಲೆಮಾರಿಗೂ 20 ಲಕ್ಷ ವಂಧ್ಯ ಗಂಡುಗಳನ್ನು ಬಿಟ್ಟರೆ ಮೂರರಲ್ಲಿ ಒಂದು ಹೆಣ್ಣಿಗೆ ಮಾತ್ರ ಫಲವಂತ ಗಂಡು ಸಿಗುತ್ತದೆ. ಮುಂದಿನ ತಲೆಮಾರಿನಲ್ಲಿ ಹೆಣ್ಣುಗಳು 3,33,333, ಅದರ ಮುಂದೆ 47,619, ಆಮೇಲೆ 1,107, ಅದರಾಚೆಗೆ ಒಂದೂ ಇಲ್ಲ. ನೂರಕ್ಕೆ 90 ಕೊಲ್ಲುವ ಔಷಧಿಯನ್ನು ಅಷ್ಟೇ ತಲೆಮಾರು ಸಿಂಪಡಿಸಿದರೂ ನಾಲ್ಕನೆಯದರಲ್ಲಿ 100 ಉಳಿದಿರುತ್ತವೆ, ಅವುಗಳಿಂದ ಪೀಡೆ ಮರುಹುಟ್ಟು ಪಡೆಯುತ್ತದೆ. ಔಷಧಿ ಕೊಲ್ಲುವ ಪಾಲು ಎಂದಿಗೂ ಅಷ್ಟೇ. ವಂಧ್ಯ ಗಂಡಿನ ಪರಿಣಾಮ ಮಾತ್ರ ಕಾಡುನೊಣ ವಿರಳವಾದಷ್ಟೂ ತೀಕ್ಷ್ಣವಾಗುತ್ತ ಹೋಗುತ್ತದೆ.

ಆದರೆ ನಿಜವಾದ ತೋಟದಲ್ಲಿ ನೊಣ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ತಲೆಮಾರಿನಲ್ಲಿ ಐದು ಪಟ್ಟು ಹೆಚ್ಚುವ ಪೀಡೆಯನ್ನು ಇದೇ ಲೆಕ್ಕಕ್ಕೆ ತಂದು ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಅದೇ 20 ಲಕ್ಷ ವಂಧ್ಯ ಗಂಡು ಬಿಟ್ಟರೂ ಮುಂದಿನ ತಲೆಮಾರಿನಲ್ಲಿ ಹೆಣ್ಣುಗಳ ಸಂಖ್ಯೆ ಕುಗ್ಗುವ ಬದಲು 16 ಲಕ್ಷ ದಾಟುತ್ತದೆ. ಅಷ್ಟು ಹಣ, ಅಷ್ಟು ಶ್ರಮ ಮಣ್ಣುಪಾಲು. ಬಿಡುಗಡೆಗೆ ಮುಂಚೆ ಉದುರಿದ ಹಣ್ಣನ್ನು ಆರಿಸಿ ಹೂತು, ವಿಷದ ಆಮಿಷವಿಟ್ಟು, ಬಲೆ ಕಟ್ಟಿ ಹತ್ತು ಲಕ್ಷವನ್ನು ಒಂದು ಲಕ್ಷಕ್ಕೆ ಇಳಿಸಿದ್ದರೆ, ಐದು ಪಟ್ಟು ಬೆಳೆಯುವ ಅದೇ ಪೀಡೆ ಅದೇ 20 ಲಕ್ಷದ ಬಿಡುಗಡೆಯ ಎದುರು ಕ್ರಮವಾಗಿ 23,810ಕ್ಕೆ, 1,401ಕ್ಕೆ, ಆಮೇಲೆ ಐದಕ್ಕೂ ಕೆಳಗೆ ಇಳಿಯುತ್ತದೆ. ಅಂದರೆ ವಂಧ್ಯ ನೊಣ ಔಷಧಿಯ ಬದಲಿಗೆ ಬರುವಂಥದಲ್ಲ, ಬೇರೆ ಉಪಾಯಗಳು ತಮ್ಮ ಕೆಲಸ ಮುಗಿಸಿ ಸೋಲುವ ಹಂತದಲ್ಲಿ ಬರುವಂಥದು. ಓಕಿನಾವಾದಲ್ಲೂ ಮೊದಲು ಗಂಡು ನೊಣಗಳನ್ನು ಸೆಳೆಯುವ ಕ್ಯೂ-ಲೂರ್ ಮತ್ತು ಕೀಟನಾಶಕ ಸೇರಿದ ಆಮಿಷಗಳಿಂದ ಸಂಖ್ಯೆಯನ್ನು ತಗ್ಗಿಸಿದ ಮೇಲೆಯೇ ವಂಧ್ಯ ನೊಣ ಬಿಟ್ಟದ್ದು.

ನಿಪ್ಲಿಂಗ್ ಮತ್ತು ಅವರ ಸಹೋದ್ಯೋಗಿ ರೇಮಂಡ್ ಬುಶ್‌ಲ್ಯಾಂಡ್ 1954ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ಸ್ಕ್ರೂವರ್ಮ್ ಅನ್ನು ಕೆಲವೇ ತಿಂಗಳಲ್ಲಿ ನಿರ್ಮೂಲ ಮಾಡಿ ಈ ಲೆಕ್ಕ ಕಾಗದದ ಮೇಲಿನದಲ್ಲ ಎಂದು ತೋರಿಸಿಕೊಟ್ಟರು. 1992ರಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ಹಣ್ಣಿನ ಬೆಳೆಗಳಲ್ಲಿ ಈ ತಂತ್ರ ಅತಿ ವಿಸ್ತಾರವಾಗಿ ಬಳಕೆಯಾದದ್ದು ಮೆಡಿಟರೇನಿಯನ್ ಹಣ್ಣು ನೊಣದ ಮೇಲೆ. 1955ರಲ್ಲಿ ಕೋಸ್ಟರಿಕಾದಲ್ಲಿ ಕಂಡ ಆ ನೊಣ ಉತ್ತರಕ್ಕೆ ಸರಿಯುತ್ತಾ 1977ರಲ್ಲಿ ಮೆಕ್ಸಿಕೊದ ಚಿಯಾಪಾಸ್ ಪ್ರಾಂತ್ಯ ಮುಟ್ಟಿತು. ಮೆಕ್ಸಿಕೊ ಗಡಿಯ ಮೆಟಾಪಾದಲ್ಲಿ ಸಾಕಣೆ ಕಾರ್ಖಾನೆ ಕಟ್ಟಿ 1982ರ ವೇಳೆಗೆ ಅದನ್ನು ದೇಶದಿಂದ ಹೊರಹಾಕಿತು. ಹೊರಹಾಕಿದ ಮೇಲೂ ಕೆಲಸ ನಿಲ್ಲಲಿಲ್ಲ: ಗ್ವಾಟೆಮಾಲಾ ಗಡಿಯುದ್ದಕ್ಕೂ ವಂಧ್ಯ ನೊಣಗಳ ತಡೆಗೋಡೆಯನ್ನು ಇಂದಿಗೂ ಕಾಯ್ದುಕೊಳ್ಳಲಾಗಿದೆ, 2021ರಲ್ಲಿ ಮೆಟಾಪಾದಲ್ಲೇ ವಾರಕ್ಕೆ 100 ಕೋಟಿ ನೊಣ ಸಾಕಬಲ್ಲ ಹೊಸ ಕಾರ್ಖಾನೆ ತೆರೆಯಿತು.

ಈ ನೊಣದಲ್ಲಿ ಗಂಡನ್ನು ಹೆಣ್ಣಿನಿಂದ ಬೇರ್ಪಡಿಸುವ ಉಪಾಯ ಸಿಕ್ಕದ್ದು ದೊಡ್ಡ ಹೆಜ್ಜೆ. ವಂಧ್ಯ ಹೆಣ್ಣು ಮೊಟ್ಟೆ ಇಡಲಾರದಿದ್ದರೂ ಹಣ್ಣನ್ನು ಚುಚ್ಚುತ್ತದೆ, ಜೊತೆಗೆ ಬಿಟ್ಟ ಗಂಡುಗಳನ್ನು ತನ್ನ ಬಳಿಯೇ ಹಿಡಿದಿಡುತ್ತದೆ. ಆಸ್ಟ್ರಿಯಾದ ಸೈಬರ್ಸ್‌ಡಾರ್ಫ್‌ನಲ್ಲಿರುವ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಂಟಿಯಾಗಿ ನಡೆಸುವ ಪ್ರಯೋಗಾಲಯ ರೂಪಿಸಿದ ವಿಯೆನ್ನಾ ತಳಿಗಳಲ್ಲಿ ಮೊಟ್ಟೆಗಳನ್ನು 34 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇಟ್ಟರೆ ಹೆಣ್ಣು ಮೊಟ್ಟೆಗಳೆಲ್ಲ ಸತ್ತು ಗಂಡು ಮಾತ್ರ ಉಳಿಯುತ್ತವೆ. ಕಾರ್ಖಾನೆಯ ಆಹಾರದ ಖರ್ಚೂ ಉಳಿಯಿತು, ಗ್ವಾಟೆಮಾಲಾದ ಬಯಲು ಪರೀಕ್ಷೆಗಳಲ್ಲಿ ಗಂಡು ಮಾತ್ರದ ಬಿಡುಗಡೆ ಹಲವು ಪಟ್ಟು ಪರಿಣಾಮಕಾರಿ ಎಂದೂ ಕಂಡುಬಂತು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ 1980-82ರ ಅನುಭವವನ್ನು ಬಲ್ಲವರು ಇಂದಿಗೂ ಎತ್ತುತ್ತಾರೆ. ನಗರದ ಹಿತ್ತಲುಗಳಲ್ಲಿ ಮೆಡಿಟರೇನಿಯನ್ ನೊಣ ಕಂಡಾಗ ಔಷಧಿ ಸಿಂಪಡಣೆಗೆ ಜನ ಒಪ್ಪದೆ ವಂಧ್ಯ ನೊಣಗಳ ಮೇಲೆ ಭಾರ ಹಾಕಲಾಯಿತು. ಪೆರುವಿನಿಂದ ತರಿಸಿದ ನೊಣಗಳ ನಡುವೆ ಫಲವಂತ ನೊಣಗಳೂ ಸೇರಿಕೊಂಡಿದ್ದವೆಂಬ ಸಂಗತಿ ಬೆಳಕಿಗೆ ಬಂತು. ಕೊನೆಗೆ 1981ರಲ್ಲಿ ಹೆಲಿಕಾಪ್ಟರ್‌ಗಳಿಂದ ಮನೆಗಳ ಮೇಲೆಯೇ ಮೆಲಾಥಿಯಾನ್ ಎಂಬ ಕೀಟನಾಶಕ ಸಿಂಪಡಿಸಬೇಕಾಯಿತು, ಅದು ದೊಡ್ಡ ರಾಜಕೀಯ ಕೋಲಾಹಲವೂ ಆಯಿತು. ಹಾಗಿದ್ದೂ ಆ ರಾಜ್ಯ ತಂತ್ರವನ್ನು ಕೈಬಿಡಲಿಲ್ಲ. 1996ರಿಂದ ಲಾಸ್ ಏಂಜಲೀಸ್ ಪ್ರದೇಶದ ಮೇಲೆ, ನೊಣ ಬಂದ ಮೇಲೆ ಅಲ್ಲ, ಬರುವ ಮೊದಲೇ, ನಿರಂತರವಾಗಿ ವಂಧ್ಯ ಗಂಡುಗಳನ್ನು ಬಿಡಲಾಗುತ್ತಿದೆ. ಕಾರ್ಖಾನೆಯಲ್ಲಿ ಎಷ್ಟೋ ತಲೆಮಾರು ಸಾಕಿದ ನೊಣಗಳು ಬಯಲಿನ ಹೆಣ್ಣುಗಳಿಗೆ ಒಪ್ಪಿಗೆಯಾಗದೆ ಹೋಗುವುದು ಇನ್ನೊಂದು ಅಪಾಯ. ಓಕಿನಾವಾದಲ್ಲೇ ಅಂಥ ಸೂಚನೆಗಳನ್ನು ವಿಜ್ಞಾನಿಗಳು ಗುರುತಿಸಿದರು. ಹಾಗಾಗಿ ಬಿಡುವ ನೊಣಗಳಿಗೆ ಹೊಳೆಯುವ ಬಣ್ಣದ ಪುಡಿ ಹಚ್ಚಿ, ಬಲೆಗೆ ಬಿದ್ದವುಗಳಲ್ಲಿ ಬಿಟ್ಟವೆಷ್ಟು ಕಾಡಿನವೆಷ್ಟು ಎಂದು ವಾರವಾರವೂ ಎಣಿಸುವುದು ಈ ಕೆಲಸದ ಅರ್ಧ ಭಾಗ. ಎಣಿಕೆ ನಿಂತರೆ ಬಿಡುಗಡೆ ಕುರುಡಾಗುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಓಕನಾಗನ್ ಕಣಿವೆಯ ಸೇಬಿನ ತೋಟಗಳ ಕಥೆ ಹೇಳದೆ ಇದು ಪೂರ್ಣವಾಗುವುದಿಲ್ಲ, ಏಕೆಂದರೆ ಅಲ್ಲಿನ ಪಾಠ ವಿಜ್ಞಾನದ್ದಲ್ಲ, ಆಡಳಿತದ್ದು. ಸೇಬು ಕೊರೆಯುವ ಕಾಡ್ಲಿಂಗ್ ಪತಂಗದ ವಂಧ್ಯ ಪತಂಗಗಳನ್ನು 1990ರ ದಶಕದಲ್ಲಿ ಅಲ್ಲಿ ಬಿಡಲಾರಂಭಿಸಿದರು. ಖರ್ಚನ್ನು ಸೇಬು ಬೆಳೆಗಾರರ ಮೇಲಿನ ತೆರಿಗೆಯಿಂದಷ್ಟೇ ಅಲ್ಲ, ಕಣಿವೆಯ ಸಾಮಾನ್ಯ ಆಸ್ತಿ ತೆರಿಗೆಯಿಂದಲೂ ಭರಿಸಲಾಗುತ್ತದೆ. ಮನೆಯಂಗಳದಲ್ಲಿ ಒಂದೇ ಸೇಬಿನ ಮರ ಇಟ್ಟುಕೊಂಡವರೂ ಅದನ್ನು ಪತಂಗಮುಕ್ತವಾಗಿ ನೋಡಿಕೊಳ್ಳಬೇಕು, ಇಲ್ಲವಾದರೆ ಕ್ರಮ ಜರುಗಿಸುವ ಅಧಿಕಾರ ಕಾರ್ಯಕ್ರಮಕ್ಕಿದೆ. ಕೆರೆಯ ಏರಿಯನ್ನು ತನ್ನ ಗದ್ದೆಯಷ್ಟಕ್ಕೆ ಮಾತ್ರ ಕಟ್ಟಿಕೊಳ್ಳಲು ಯಾರಿಗೂ ಬರುವುದಿಲ್ಲವಲ್ಲ, ಇದೂ ಹಾಗೆಯೇ. ಒಬ್ಬ ರೈತ ಅಂಗಡಿಯಿಂದ ಕೊಂಡು ತನ್ನ ಎರಡು ಎಕರೆಗೆ ಬಳಸಬಹುದಾದ ವಸ್ತುವಲ್ಲ ವಂಧ್ಯ ನೊಣ. ಪಕ್ಕದ ತೋಟದಿಂದ ಆಗಲೇ ಕೂಡಿ ಹಾರಿಬಂದ ಒಂದು ಹೆಣ್ಣು ಅವನ ಖರ್ಚನ್ನೆಲ್ಲ ನೀರುಪಾಲು ಮಾಡಬಲ್ಲದು.

ಸಾರ್ವಜನಿಕ ವ್ಯವಸ್ಥೆ ಸಡಿಲವಾದರೆ ದಶಕಗಳ ಗಳಿಕೆಯೂ ಹೋಗುತ್ತದೆ ಎಂಬುದನ್ನು ಸ್ಕ್ರೂವರ್ಮ್ ಈಗ ತೋರಿಸುತ್ತಿದೆ. ಪನಾಮಾದ ಪೂರ್ವ ತುದಿಯಲ್ಲಿ ವಂಧ್ಯ ನೊಣಗಳಿಂದಲೇ ತಡೆದು ನಿಲ್ಲಿಸಿದ್ದ ಆ ನೊಣ 2023ರಲ್ಲಿ ತಡೆ ದಾಟಿ, 2024ರ ನವೆಂಬರ್‌ನಲ್ಲಿ ಮೆಕ್ಸಿಕೊ ತಲುಪಿತು. ಪನಾಮಾದ ಒಂದೇ ಕಾರ್ಖಾನೆಯ ಉತ್ಪಾದನೆ ಸಾಲದೆ, ಮೆಟಾಪಾದ ಹಣ್ಣು ನೊಣದ ಹಳೆಯ ಕಾರ್ಖಾನೆಯನ್ನು ಸ್ಕ್ರೂವರ್ಮ್ ಸಾಕಣೆಗೆ ಮಾರ್ಪಡಿಸಲು 2 ಕೋಟಿ 10 ಲಕ್ಷ ಡಾಲರ್ ಕೊಡುವುದಾಗಿ ಅಮೆರಿಕ 2025ರಲ್ಲಿ ಪ್ರಕಟಿಸಿತು.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಮಾವಿನ ಕಡೆ ನೋಡಬೇಕು. ಶ್ರೀನಿವಾಸಪುರದ ಬಾದಾಮಿಯಿರಲಿ ತೋತಾಪುರಿಯಿರಲಿ, ಹಣ್ಣು ನೊಣದ ಹಾನಿ ಬರಿಯ ತೂಕದ ನಷ್ಟವಲ್ಲ. ಈ ನೊಣದ ಕಾರಣಕ್ಕೇ ಜಪಾನ್ 1986ರಿಂದ 2006ರವರೆಗೆ ಭಾರತದ ಮಾವನ್ನು ಬಿಟ್ಟುಕೊಳ್ಳಲಿಲ್ಲ. ಯುರೋಪಿನ ಒಕ್ಕೂಟ 2014ರ ಮೇ ತಿಂಗಳಿನಿಂದ ಮಾವಿನ ಜೊತೆಗೆ ಹಾಗಲ, ಬದನೆ, ಪಡವಲ, ಕೆಸುವನ್ನೂ ನಿಷೇಧಿಸಿ, ಮಾವಿನ ಮೇಲಿನ ನಿಷೇಧವನ್ನು 2015ರ ಜನವರಿಯಲ್ಲಿ ತೆಗೆಯಿತು. ಅಮೆರಿಕ 2007ರಲ್ಲಿ ಬಾಗಿಲು ತೆರೆದದ್ದು ಪ್ರತಿ ಹಣ್ಣಿಗೂ 400 ಗ್ರೇ ವಿಕಿರಣ ಕೊಡಬೇಕೆಂಬ ಷರತ್ತಿನ ಮೇಲೆ. ಅಂಥ ಸೌಲಭ್ಯ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಬಂದಿದೆ. ಆದರೆ ಅದು ಹಣ್ಣಿನೊಳಗಿನ ಹುಳು ಮುಂದೆ ಬೆಳೆದು ಸಂತಾನ ಪಡೆಯದಂತೆ ಮಾಡುವ, ರಫ್ತಿನ ಪೆಟ್ಟಿಗೆಗೆ ಸೀಮಿತವಾದ ಕ್ರಮ. ತೋಟದಲ್ಲಿರುವ ನೊಣ ಅಲ್ಲಿಯೇ ಇರುತ್ತದೆ, ಮಂಡಿಗೆ ಹೋಗುವ ಹಣ್ಣು ಕೊಳೆಯುತ್ತಲೇ ಇರುತ್ತದೆ.

ಹಾಗಾದರೆ ಕೋಲಾರದಲ್ಲಿ ವಂಧ್ಯ ನೊಣ ಬಿಡಬಹುದೆ? ಕೋಬಾಲ್ಟ್-60 ನಮಗೆ ಸಮಸ್ಯೆಯೇ ಅಲ್ಲ, ಅದನ್ನು ನಮ್ಮ ದೇಶದ ರಿಯಾಕ್ಟರುಗಳಲ್ಲೇ ತಯಾರಿಸಲಾಗುತ್ತದೆ. ಅಡ್ಡಿಗಳು ನೊಣದ ಸ್ವಭಾವದಲ್ಲೂ ನಮ್ಮ ತೋಟಗಳ ವಿನ್ಯಾಸದಲ್ಲೂ ಇವೆ. ಇಲ್ಲಿ ಮಾವನ್ನು ಚುಚ್ಚುವುದು ಒಂದೇ ಜಾತಿಯಲ್ಲ: ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಮುಖ್ಯವಾದುದು, ಜೊತೆಗೆ ಜೊನೇಟಾ ಮತ್ತು ಕರೆಕ್ಟಾ ಜಾತಿಗಳೂ ಇವೆ. ಒಂದನ್ನು ಕುಗ್ಗಿಸಿದರೆ ಉಳಿದವು ತೆರವಾದ ಹಣ್ಣಿಗೆ ಬರಬಹುದು. ಓಕಿನಾವಾಕ್ಕೆ ಸಮುದ್ರವಿತ್ತು, ಇಲ್ಲಿ ಮಾವಿನ ಕಾಲ ಮುಗಿದೊಡನೆ ನೊಣಕ್ಕೆ ಸೀಬೆ, ಸಪೋಟ ಸಿಗುತ್ತವೆ, ಪಕ್ಕದ ಚಿತ್ತೂರಿನ ತೋಟಗಳಿಗೂ ಕೋಲಾರಕ್ಕೂ ನಡುವೆ ನೊಣ ಗುರುತಿಸುವ ಗಡಿಯಿಲ್ಲ. ಡಾರ್ಸಾಲಿಸ್ ಮೇಲೆ ಈ ತಂತ್ರವನ್ನು ಥಾಯ್ಲೆಂಡಿನಲ್ಲಿ ಪ್ರಯೋಗಿಸಿದಾಗಲೂ ಗುರಿ ಇದ್ದದ್ದು ಹಾನಿಯನ್ನು ತಗ್ಗಿಸುವುದೇ ಹೊರತು ನಿರ್ಮೂಲನೆಯಲ್ಲ. ನಿರ್ಮೂಲನೆಯ ಮಾತನ್ನು ಕರ್ನಾಟಕದಲ್ಲಿ ಯಾರಾದರೂ ಆಡಿದರೆ ಅದನ್ನು ನಂಬಬಾರದು ಎಂದೇ ನಾನು ಹೇಳುತ್ತೇನೆ.

ಮಾವಿನ ನೊಣದ ವಿಷಯದಲ್ಲಿ ನಮಗೊಂದು ಅನುಕೂಲವೂ ಇದೆ. ಡಾರ್ಸಾಲಿಸ್ ಗಂಡುಗಳಿಗೆ ಮೀಥೈಲ್ ಯೂಜೆನಾಲ್ ಎಂಬ ಪರಿಮಳದ ರಾಸಾಯನಿಕದ ಮೇಲಿನ ಸೆಳೆತ ಎಷ್ಟು ಬಲವಾದದ್ದೆಂದರೆ, ಅದೇ ಓಕಿನಾವಾದಲ್ಲಿ ಈ ಜಾತಿಯನ್ನು ವಂಧ್ಯ ನೊಣಗಳ ನೆರವಿಲ್ಲದೆ, ಗಂಡುಗಳನ್ನು ಸೆಳೆದು ಕೊಲ್ಲುವ ವಿಧಾನದಿಂದಲೇ 1986ರ ವೇಳೆಗೆ ಇಲ್ಲವಾಗಿಸಲಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ನಮ್ಮ ತೋಟಗಾರಿಕೆ ಇಲಾಖೆಯೂ ರೈತರಿಗೆ ಹೇಳುತ್ತ ಬಂದಿರುವ ಮೋಹಕ ಬಲೆ ಇದೇ ವಸ್ತುವಿನದು: ಆಲ್ಕೋಹಾಲ್, ಮೀಥೈಲ್ ಯೂಜೆನಾಲ್, ಮೆಲಾಥಿಯಾನ್ ಮೂರನ್ನು 6:4:1ರ ಪ್ರಮಾಣದಲ್ಲಿ ಬೆರೆಸಿ ನೆನೆಸಿದ ಪ್ಲೈವುಡ್ ತುಂಡು. ಬಲೆಯ ತೊಡಕು ಏನೆಂದರೆ ಅಲ್ಲೊಂದು ಇಲ್ಲೊಂದು ತೋಟದಲ್ಲಿ ಕಟ್ಟಿದಾಗ ಅದು ಗಂಡನ್ನು ಕೊಲ್ಲುತ್ತದೆಯೇ ಹೊರತು ನೆರೆಯಿಂದ ಕೂಡಿಬಂದ ಹೆಣ್ಣನ್ನು ತಡೆಯುವುದಿಲ್ಲ. ಇಡೀ ಹೋಬಳಿಯಲ್ಲಿ ಒಟ್ಟಿಗೆ ಕಟ್ಟಿದಾಗ ಮಾತ್ರ ಅದರ ನಿಜವಾದ ಫಲ ಕಾಣುತ್ತದೆ. ಮುಂದೊಂದು ದಿನ ವಂಧ್ಯ ಗಂಡುಗಳನ್ನು ಬಿಡುವುದಾದರೆ ಈ ಬಲೆಗಳು ಅವನ್ನೂ ಕೊಂದಾವಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಬಿಡುವ ಮುನ್ನ ಮೀಥೈಲ್ ಯೂಜೆನಾಲ್ ತಿನ್ನಿಸಿದ ಗಂಡುಗಳು ಬಲೆಯ ಕಡೆ ಕಡಿಮೆ ಹೋಗುತ್ತವೆ, ಹೆಣ್ಣುಗಳನ್ನು ಒಲಿಸಿಕೊಳ್ಳುವುದರಲ್ಲೂ ಮುಂದಿರುತ್ತವೆ ಎಂದು ಪ್ರಯೋಗಗಳು ತೋರಿಸಿವೆ.

ಆದ್ದರಿಂದ ಈ ದಿಕ್ಕಿನಲ್ಲಿ ಹೆಜ್ಜೆ ಇಡುವವರು ಕಾರ್ಖಾನೆಯಿಂದಲೋ ವಿಕಿರಣ ಯಂತ್ರದಿಂದಲೋ ಆರಂಭಿಸಬಾರದು. ಮಾವಿನ ತೋಟಗಳು ಒತ್ತಾಗಿದ್ದು, ಬೆಟ್ಟವೋ ಬಯಲೋ ಸುತ್ತುವರಿದು ಉಳಿದ ತೋಟಗಳಿಂದ ಸಾಕಷ್ಟು ದೂರವಿರುವ ಒಂದು ಪ್ರದೇಶವನ್ನು ಆರಿಸಿ, ಮಾವು ಇರುವ ತಿಂಗಳುಗಳಲ್ಲಷ್ಟೇ ಅಲ್ಲದೆ ವರ್ಷವಿಡೀ ಬಲೆಗಳ ಎಣಿಕೆ ನಡೆಸಿ, ಮೂರು ಜಾತಿಗಳಲ್ಲಿ ಯಾವುದು ಯಾವಾಗ ಎಷ್ಟಿದೆ, ಮಾವಿಲ್ಲದ ತಿಂಗಳಲ್ಲಿ ಎಲ್ಲಿ ಅಡಗಿರುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಉದುರಿದ ಹಣ್ಣು ಆರಿಸುವುದನ್ನೂ, ಬಲೆ ಕಟ್ಟುವುದನ್ನೂ, ಮರದಡಿಯ ಮಣ್ಣು ಕೆದಕಿ ಕೋಶಾವಸ್ಥೆಯ ನೊಣಗಳನ್ನು ನಾಶ ಮಾಡುವುದನ್ನೂ ಆ ಪ್ರದೇಶದ ಎಲ್ಲ ತೋಟದವರೂ ಒಂದೇ ವಾರದಲ್ಲಿ ಮಾಡುವಂತೆ ರೈತ ಉತ್ಪಾದಕ ಸಂಸ್ಥೆಗಳ ಮೂಲಕ ವ್ಯವಸ್ಥೆ ಮಾಡಬೇಕು, ಪಾಳುಬಿಟ್ಟ ತೋಟಗಳ ಹೊಣೆಯನ್ನು ಪಂಚಾಯಿತಿ ಹೊರಬೇಕು. ಹೀಗೆ ಎರಡು ಮೂರು ಸುಗ್ಗಿ ನಡೆದು ಬಲೆಗೆ ಬೀಳುವ ನೊಣಗಳ ಸಂಖ್ಯೆ ಹತ್ತರಲ್ಲೊಂದು ಪಾಲಿಗೆ ಇಳಿದಿದೆ ಎಂದು ಎಣಿಕೆ ತೋರಿಸಿದಾಗ, ಡಾರ್ಸಾಲಿಸ್ ಒಂದರ ಮೇಲೆ ವಂಧ್ಯ ಗಂಡುಗಳ ಪ್ರಾಯೋಗಿಕ ಬಿಡುಗಡೆಗೆ ಹಣ ಕೇಳುವುದು ನ್ಯಾಯ. ಆ ಹಣವೂ ಒಂದು ವರ್ಷದ ಯೋಜನೆಯಾಗಿ ಅಲ್ಲದೆ, ನಡುವೆ ನಿಲ್ಲದಂತೆ ಕನಿಷ್ಠ ಹಲವು ವರ್ಷಗಳಿಗೆ ಮಂಜೂರಾಗಬೇಕು.